ಗಾಳದವನ ಪುಸ್ತಕ, ಬಲೆಯವನ ಹೊಳೆ

1

1873ರಲ್ಲಿ ಮಂಗಳೂರಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಹೆಸರು 'ದಿ ರಾಡ್ ಇನ್ ಇಂಡಿಯಾ'. ಬರೆದವನು ಹೆನ್ರಿ ಸಲಿವನ್ ಥಾಮಸ್, ಮದ್ರಾಸ್ ಸಿವಿಲ್ ಸರ್ವೀಸಿನ ದೊರೆ. ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತ ನಡೆಸಿದವನು. ಕಚೇರಿ ಕೆಲಸ ಮುಗಿದ ಮೇಲೆ ಘಟ್ಟದಿಂದ ಇಳಿಯುವ ಹೊಳೆಗಳ ದಂಡೆಯಲ್ಲಿ ಗಾಳ ಹಿಡಿದು ನಿಂತವನು. ಮಹಸೀರ್ ಮೀನನ್ನು ಹೇಗೆ ಹಿಡಿಯಬೇಕು, ಕೋಲು ಎಷ್ಟುದ್ದ ಇರಬೇಕು, ದಾರ ಎಂಥದಾಗಬೇಕು ಅಂತ ಅವನು ಬಿಳಿಯರಿಗೆ ಪಾಠ ಹೇಳಿದ. ತಮ್ಮ ದೇಶದ ಸಾಲ್ಮನ್ ಮೀನಿಗಿಂತ ಇದು ಜೋರಾಗಿ ಎಳೆದಾಡುತ್ತೆ, ಆಟಕ್ಕೆ ಇದೇ ಮೇಲು ಅಂತ ಹೊಗಳಿದ. ಪುಸ್ತಕ ಲಂಡನ್ನಿನಲ್ಲಿ ಮತ್ತೆ ಮತ್ತೆ ಅಚ್ಚಾಯಿತು.

ಅರವತ್ತು ವರ್ಷ ಕಳೆದ ಮೇಲೆ, 1933ರಲ್ಲಿ, ಅದೇ ಜಿಲ್ಲೆಯ ನೀರಿನ ಬಗ್ಗೆ ಇನ್ನೊಂದು ಪುಸ್ತಕ ಬಂತು. ಅದು ಕನ್ನಡದ್ದು. ಶಿವರಾಮ ಕಾರಂತರ 'ಚೋಮನ ದುಡಿ'. ಅದರಲ್ಲಿ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗಿ ಸಾಯುತ್ತಾನೆ. ದಡದಲ್ಲಿ ಜನ ಇದ್ದಾರೆ. ಆ ಹುಡುಗನನ್ನು ಮುಟ್ಟಿ ಎಳೆದು ತರುವವರು ಯಾರೂ ಇಲ್ಲ. ಹೊಲೆಯರ ಹುಡುಗ ಅಲ್ಲವೇ.

ಈ ಎರಡು ಪುಸ್ತಕಗಳನ್ನು ಯಾರೂ ಒಟ್ಟಿಗೆ ಇಟ್ಟು ಓದೋದಿಲ್ಲ. ಒಂದು ಶಿಕಾರಿ ಸಾಹಿತ್ಯದ ಕಪಾಟಿನಲ್ಲಿ, ಇನ್ನೊಂದು ಕಾದಂಬರಿಗಳ ಕಪಾಟಿನಲ್ಲಿ. ಒಟ್ಟಿಗೆ ಇಟ್ಟರೆ ಏನು ಕಾಣುತ್ತೆ? ಒಂದೇ ಸೀಮೆಯ ಹೊಳೆ. ಅಲ್ಲಿ ಒಂದು ಮೀನನ್ನು ದಡಕ್ಕೆ ತರುವುದಕ್ಕೆ ಬೇಕಾದ ಕೋಲು, ದಾರ, ಆಳು, ತಾಳ್ಮೆ, ಪುರುಸೊತ್ತು ಎಲ್ಲವೂ ಇದೆ. ಒಂದು ಮಗುವನ್ನು ದಡಕ್ಕೆ ತರುವುದಕ್ಕೆ ಒಂದು ಕೈ ಇಲ್ಲ. ಥಾಮಸ್ ಬರೆದದ್ದು ಸುಳ್ಳಲ್ಲ, ಕಾರಂತರು ಬರೆದದ್ದೂ ಸುಳ್ಳಲ್ಲ. ಹೊಳೆ ಯಾರಿಗೆ ಆಟ, ಯಾರಿಗೆ ಊಟ, ಯಾರಿಗೆ ಸಾವು ಅನ್ನುವುದನ್ನು ಹೊಳೆ ತೀರ್ಮಾನಿಸುವುದಿಲ್ಲ. ದಡದಲ್ಲಿ ನಿಂತ ಸಮಾಜ ತೀರ್ಮಾನಿಸುತ್ತೆ.

ಮೀನಿನ ಆಟದ ಬಗ್ಗೆ ಬೆಳೆದಿರುವ ಸಾಹಿತ್ಯವನ್ನು ಈ ಬೆಳಕಿನಲ್ಲಿ ಓದಬೇಕು ಅನ್ನೋದು ಈ ಲೇಖನದ ಉದ್ದೇಶ. ಇದೇನು ದೊಡ್ಡ ವಿಷಯವೇ ಅಂತ ಕೇಳುವ ಗೆಳೆಯರಿದ್ದಾರೆ. ಭೂಮಿ, ಕೂಲಿ, ಬಾವಿ, ದೇವಸ್ಥಾನ ಇವುಗಳ ಮಧ್ಯೆ ಗಾಳದ ಮಾತು ಯಾಕೆ ಅಂತ. ನೀರಿನಲ್ಲಿರುವ ಮೀನೂ ಭೂಮಿಯ ಹಾಗೆ ಒಂದು ಆಸ್ತಿ. ಅದು ಯಾರದ್ದು ಅನ್ನೋದನ್ನ ಮೊದಲು ಪುಸ್ತಕಗಳು ಬರೆದವು, ಆಮೇಲೆ ಕಾನೂನುಗಳು ಬರೆದವು. ಅದಕ್ಕೇ ಇದು ಸಾಹಿತ್ಯ ವಿಮರ್ಶೆಯ ಕೆಲಸವೂ ಹೌದು.

2

ಸಾಹೇಬರ ಮೀನಿನ ಸಾಹಿತ್ಯದಲ್ಲಿ ಎರಡು ಪದಗಳಿವೆ. ಒಂದು 'ಸ್ಪೋರ್ಟ್', ಇನ್ನೊಂದು 'ಪೋಚಿಂಗ್'. ಹೊಟ್ಟೆ ತುಂಬಿದವನು ಮೀನು ಹಿಡಿದರೆ ಅದು ಕ್ರೀಡೆ. ಹೊಟ್ಟೆಗಾಗಿ ಹಿಡಿದರೆ ಅದು ಕಳವು. ಮೀನು ಅದೇ, ಹೊಳೆ ಅದೇ. ಹಿಡಿದವನ ಹೊಟ್ಟೆಯೊಳಗೆ ಏನಿದೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತೆ.

ಈ ಪದಗಳು ಇಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಿಂದ ಬಂದದ್ದು. 1653ರಲ್ಲಿ ಐಸಾಕ್ ವಾಲ್ಟನ್ ಬರೆದ 'ದಿ ಕಂಪ್ಲೀಟ್ ಆಂಗ್ಲರ್' ಅಲ್ಲಿನ ಗಾಳದ ಸಾಹಿತ್ಯದ ಮೂಲಗ್ರಂಥ. ಶಾಂತಿ, ಧ್ಯಾನ, ತಣ್ಣನೆ ಹೊಳೆ, ಸಜ್ಜನರ ಸಂಭಾಷಣೆ. ಅದಾಗಿ ಎಪ್ಪತ್ತು ವರ್ಷಕ್ಕೆ, 1723ರಲ್ಲಿ, ಅದೇ ಇಂಗ್ಲೆಂಡಿನ ಪಾರ್ಲಿಮೆಂಟು ಕಪ್ಪು ಕಾಯಿದೆ ಅಂತ ಕರೆಯಲ್ಪಡುವ ಶಾಸನ ತಂತು. ಮುಖಕ್ಕೆ ಮಸಿ ಬಳಿದುಕೊಂಡು, ಆಯುಧ ಹಿಡಿದು, ದೊರೆಗಳ ಕಾಡಿನಲ್ಲಿ ಜಿಂಕೆ ಹೊಡೆದವನಿಗೆ, ಅವರ ಕೊಳದಲ್ಲಿ ಮೀನು ಕದ್ದವನಿಗೆ ನೇಣು. ಇತಿಹಾಸಕಾರ ಇ.ಪಿ. ಥಾಮ್ಸನ್ 1975ರಲ್ಲಿ ಈ ಕಾಯಿದೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ತಣ್ಣನೆ ಹೊಳೆಯ ಶಾಂತಿ ಹೇಗೆ ಬಂತು ಅಂತ ಅದನ್ನು ಓದಿದರೆ ತಿಳಿಯುತ್ತೆ. ಆ ಹೊಳೆಯಿಂದ ಬಡವರನ್ನು ಓಡಿಸಿದ್ದರು, ಅದಕ್ಕೇ ಅದು ಶಾಂತವಾಗಿತ್ತು.

ಇಂಗ್ಲೆಂಡಿನ ಬಡವರ ಮೇಲೆ ಮಾಡಿ ನೋಡಿದ್ದನ್ನೇ ಇಲ್ಲಿಗೂ ತಂದರು. ಥಾಮಸ್ ಬರೇ ಗಾಳದ ಹುಚ್ಚಿನವನಲ್ಲ. ಮೀನಿನ ಸಂತತಿಯನ್ನು ಕಾಪಾಡಬೇಕು ಅಂತ ಸರ್ಕಾರಕ್ಕೆ ವರದಿ ಬರೆದವನು. ಇಲ್ಲಿನ ಜನ ಸಣ್ಣ ಕಣ್ಣಿನ ಬಲೆ ಹಾಕುತ್ತಾರೆ, ಹೊಳೆಗೆ ಅಡ್ಡ ತಡಿಕೆ ಕಟ್ಟುತ್ತಾರೆ, ಮರಿಮೀನುಗಳನ್ನೂ ಬಿಡದೆ ಬಾಚುತ್ತಾರೆ, ನೀರಿಗೆ ವಿಷ ಹಾಕುತ್ತಾರೆ ಅನ್ನೋದು ಅವನ ದೂರು. ಆಗಲೇ ಫ್ರಾನ್ಸಿಸ್ ಡೇ ಅನ್ನುವ ಇನ್ನೊಬ್ಬ ಅಧಿಕಾರಿ ಇಂಡಿಯಾ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಮೇಲೆ ದೊಡ್ಡ ವರದಿ ಬರೆದ. ಅದೂ 1873ರದ್ದೇ. ಈ ದೂರುಗಳೆಲ್ಲ ಸೇರಿ 1897ರ ಇಂಡಿಯನ್ ಫಿಶರೀಸ್ ಆಕ್ಟ್ ಆಯಿತು.

ಆ ಕಾಯಿದೆಯನ್ನು ಒಂದು ಕತೆಯ ಹಾಗೆ ಓದಿ ನೋಡಿ. ಮದ್ದು ಸಿಡಿಸಿದರೆ, ವಿಷ ಹಾಕಿದರೆ ಎರಡು ತಿಂಗಳ ತನಕ ಸಜೆ, ಇಲ್ಲವೇ 200 ರೂಪಾಯಿ ತನಕ ದಂಡ. ಹೊಳೆಯಲ್ಲಿ ಬಿಗಿದಿಡುವ ಬಲೆ, ಅಡ್ಡ ಕಟ್ಟುವ ಒಡ್ಡು, ಬಲೆಯ ಅಳತೆ, ಬಲೆ ಬಳಸುವ ರೀತಿ, ಇವನ್ನೆಲ್ಲ ನಿಯಂತ್ರಿಸುವ ಅಧಿಕಾರ ಪ್ರಾಂತ ಸರ್ಕಾರಕ್ಕೆ. ಬೇಕಾದರೆ ಒಂದು ನೀರಿನಲ್ಲಿ ಎರಡು ವರ್ಷದ ತನಕ ಮೀನು ಹಿಡಿಯುವುದನ್ನೇ ನಿಲ್ಲಿಸಬಹುದು. ಹೀಗೆ ಪಟ್ಟಿಯಲ್ಲಿ ಬಲೆಯ ಹೆಸರು ಇದೆ, ತಡಿಕೆಯ ಹೆಸರು ಇದೆ. ಸಾಹೇಬನ ಗಾಳದ ಕೋಲಿನ ಹೆಸರು ಇಲ್ಲ.

ಇಷ್ಟು ಸಾಲದು ಅಂತ ಅರಣ್ಯ ಕಾಯಿದೆ ಬೇರೆ. 1927ರ ಇಂಡಿಯನ್ ಫಾರೆಸ್ಟ್ ಆಕ್ಟಿನ 26ನೆಯ ಕಲಮಿನಲ್ಲಿ ಮೀಸಲು ಕಾಡಿನಲ್ಲಿ ನಿಯಮ ಮೀರಿ ಬೇಟೆ ಆಡುವುದರ ಜತೆಗೆ ಮೀನು ಹಿಡಿಯೋದನ್ನೂ ಅಪರಾಧದ ಪಟ್ಟಿಗೆ ಸೇರಿಸಿದ್ದಾರೆ. ಕಾಡಿನೊಳಗೆ ಹುಟ್ಟಿದ ಸೋಲಿಗನಿಗೆ, ಜೇನುಕುರುಬನಿಗೆ ಹಳ್ಳದ ಏಡಿ, ಹಳ್ಳದ ಮೀನು ಅಪರಾಧ ಆಗಿದ್ದು ಹೀಗೆ. ಅವನ ಮೇಲೆ ಯಾರೂ ಯುದ್ಧ ಸಾರಲಿಲ್ಲ. ಒಂದು ಕಲಮು ಬರೆದರು, ಅಷ್ಟೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ಹೊಳೆಗೆ ಮದ್ದು ಹಾಕೋದು ಕೆಟ್ಟದ್ದೇ. ಅದು ಮರಿಯನ್ನೂ ಬಿಡೋದಿಲ್ಲ, ನಾಳೆಯ ಬಲೆಯನ್ನೂ ಬರಿದು ಮಾಡುತ್ತೆ. ಹಾಕಿದವನ ಕೈಯನ್ನೂ ಹಾರಿಸುತ್ತೆ. ಮದ್ದಿನ ಪರ ವಕಾಲತ್ತು ಇಲ್ಲಿಲ್ಲ. ಆದರೆ ಆ ಮದ್ದು ಹೊಳೆದಂಡೆಯ ಗುಡಿಸಲಲ್ಲಿ ತಯಾರಾದದ್ದೇ? ಅದು ಕಲ್ಲಿನ ಕ್ವಾರಿಗೆ, ರಸ್ತೆ ಒಡೆಯುವುದಕ್ಕೆ, ಅಣೆಕಟ್ಟು ಕಟ್ಟುವುದಕ್ಕೆ ಬಂದ ಮದ್ದು. ತಂದವನು ಕಂಟ್ರಾಕ್ಟರು, ಸಿಕ್ಕಿಬಿದ್ದವನು ಕೂಲಿ. ಮೀನಿನ ಸಾಹಿತ್ಯದಲ್ಲಿ ಸಿಕ್ಕಿಬಿದ್ದವನ ಚಿತ್ರ ಮಾತ್ರ ಇದೆ.

3

ಈಗ ಕಾವೇರಿಗೆ ಬರೋಣ. ಶಿವನಸಮುದ್ರದಿಂದ ಕೆಳಗೆ, ಮೇಕೆದಾಟಿನ ಕಡೆಗೆ ಹರಿಯುವಾಗ ಹೊಳೆ ಕಾಡು ಬಂಡೆಗಳ ಮಧ್ಯೆ ನುಗ್ಗುತ್ತೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ. ಈ ಹೆಸರುಗಳು ಪಕ್ಕದ ತಾಲ್ಲೂಕಿನವರಿಗೆ ಗೊತ್ತಿಲ್ಲದಿದ್ದರೂ ಇಂಗ್ಲೆಂಡಿನ ಗಾಳಗಾರರಿಗೆ ಬಾಯಿಪಾಠ. ಯಾಕೆಂದರೆ ಇಲ್ಲಿ ಡುಬ್ಬದ ಮಹಸೀರ್ ಇತ್ತು. ನಮ್ಮ ಕಡೆ ಬಿಳಿಮೀನು ಅಂತಾರೆ. 1946ರ ಮಾರ್ಚಿನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಗಾಳದಿಂದ ಎತ್ತಿದರು. 54 ಕಿಲೋ ಮೀರಿದ ತೂಕ. ಒಂದು ಪೂರ್ತಿ ಆಳಿನ ಭಾರ. ಇದೇ ಮನೆತನ ಸತ್ತ ಹುಲಿಗಳಿಗೆ ಹುಲ್ಲು ತುಂಬಿ ಅರಮನೆಗಳಿಗೆ ಕಳಿಸುತ್ತಿದ್ದ ಕಾರ್ಖಾನೆಯದ್ದು. ಆ ದಾಖಲೆಯನ್ನು ಗಾಳದ ಪುಸ್ತಕಗಳು ಇವತ್ತಿಗೂ ಬರೆಯುತ್ತವೆ.

ಆಮೇಲಿನ ಕತೆಯನ್ನು ಆ ಪುಸ್ತಕಗಳು ಹೇಳುವ ರೀತಿ ಇದು. ಸ್ವಾತಂತ್ರ್ಯ ಬಂದ ಮೇಲೆ ಮಹಸೀರ್ ನಾಶವಾಯಿತು ಅಂತ ಎಲ್ಲರೂ ತಿಳಿದಿದ್ದರು. 1977ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಅದನ್ನು ಹುಡುಕಿಕೊಂಡು ಹೊರಟರು. ಮರುವರ್ಷ ಕಾವೇರಿಯಲ್ಲಿ ದೊಡ್ಡ ದೊಡ್ಡ ಮೀನು ಹಿಡಿದರು. ಮಹಸೀರ್ ಮತ್ತೆ ಪತ್ತೆಯಾಯಿತು!

ಎಲ್ಲರೂ ಅಂದರೆ ಯಾರು? ಹರಿಗೋಲಿನಲ್ಲಿ ಕೂತು ಬೀಸುಬಲೆ ಬೀಸುವವನಿಗೆ ಆ ಮೀನು ಒಂದು ದಿನವೂ ಕಳೆದುಹೋಗಿರಲಿಲ್ಲ. ಅವನ ಬಲೆ ಹರಿದು ಅದು ಓಡುತ್ತಿತ್ತು, ಅವನು ಬೈಯುತ್ತಿದ್ದ. ಆದರೆ ಅವನು 'ಎಲ್ಲರೂ' ಅನ್ನುವುದರೊಳಗೆ ಬರೋದಿಲ್ಲ. ಕೊಲಂಬಸ್ ಅಮೆರಿಕ ಕಂಡುಹಿಡಿದ ಅಂತ ನಮ್ಮ ಸ್ಕೂಲಿನ ಪುಸ್ತಕದಲ್ಲಿ ಓದಿಸುತ್ತೇವಲ್ಲ, ಅದೇ ವ್ಯಾಕರಣ. ನೋಡುವ ಕಣ್ಣು ಬಿಳಿಯದಾದರೆ ಮಾತ್ರ ವಸ್ತು ಇದೆ ಅಂತ ಲೆಕ್ಕ.

1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಶುರುವಾಯಿತು, ಆಮೇಲೆ ಭೀಮೇಶ್ವರಿಯಲ್ಲಿ ಮೀನಿನ ಕ್ಯಾಂಪ್ ಬಂತು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ, 1972ರಲ್ಲಿ ಹುಟ್ಟಿದ್ದು, ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ದೂರದ ದೇಶಗಳಿಂದ ಗಾಳಗಾರರು ಬಂದರು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ.

ಈ ಗಾಳಕ್ಕೆ ಸಿಕ್ಕಿಸುತ್ತಿದ್ದ ಎರೆ ಏನು ಗೊತ್ತೆ? ರಾಗಿ ಹಿಟ್ಟಿನ ಉಂಡೆ. ಹಿಟ್ಟನ್ನು ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ ಕೊಕ್ಕೆಗೆ ಹಾಕೋದು. ನಮ್ಮ ಮುದ್ದೆ! ಮಂಡ್ಯ, ಚಾಮರಾಜನಗರದ ಕೂಲಿಯವನು ದಿನವಿಡೀ ದುಡಿದು ಸಂಜೆ ನುಂಗುವ ಮುದ್ದೆ. ಅದಕ್ಕೆ ಜತೆಯಾಗಿ ಒಂದು ಮೀನಿನ ಸಾರು ಸಿಕ್ಕಿದರೆ ಅವತ್ತು ಹಬ್ಬ. ಇಲ್ಲಿ ಮುದ್ದೆ ಮೀನಿನ ಬಾಯಿಗೆ ಹೋಗುತ್ತೆ, ಮೀನು ವಾಪಸು ನೀರಿಗೆ ಹೋಗುತ್ತೆ, ಫೋಟೋ ಇಂಗ್ಲೆಂಡಿಗೆ ಹೋಗುತ್ತೆ. ಮುದ್ದೆ ಕಟ್ಟಿಕೊಟ್ಟವನಿಗೆ ಉಳಿಯೋದು ಆ ದಿನದ ಸಂಬಳ.

ಅವನಿಗೆ ಆ ಸಾಹಿತ್ಯದಲ್ಲಿ ಒಂದು ಹೆಸರಿದೆ. 'ಘಿಲ್ಲಿ'. ಸ್ಕಾಟ್ಲೆಂಡಿನ ದೊರೆಗಳ ಬೇಟೆಗೆ ಜತೆ ಹೋಗುತ್ತಿದ್ದ ಆಳಿಗೆ ಅಲ್ಲಿನ ಭಾಷೆಯಲ್ಲಿ ಹಾಗಂತಿದ್ದರು. ಮೂಲ ಅರ್ಥ ಹುಡುಗ, ಆಳು. ಐವತ್ತು ವರ್ಷದ, ಮಕ್ಕಳು ಮೊಮ್ಮಕ್ಕಳು ಕಂಡ ಮನುಷ್ಯನನ್ನು 'ಹುಡುಗ' ಅಂತ ಕರೆಯುವ ಪದ ನಮ್ಮ ಊರುಗಳಿಗೆ ಹೊಸದೇನಲ್ಲ. ಗೌಡರ ಹಟ್ಟಿಯಲ್ಲಿ, ಐನೋರ ಅಂಗಳದಲ್ಲಿ 'ಲೋ, ಬಾರ್ಲಾ' ಅನ್ನಿಸಿಕೊಂಡವರಿಗೆ ಅದು ಚೆನ್ನಾಗಿ ಗೊತ್ತು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಬರುತ್ತೆ, ನೀರಿನ ಬಣ್ಣ ತಿರುಗಿದರೆ ಏನರ್ಥ, ದಾರ ಬಂಡೆಗೆ ಸಿಕ್ಕಿಕೊಂಡರೆ ಯಾವ ಕಡೆಯಿಂದ ಬಿಡಿಸಬೇಕು, ಎಲ್ಲ ತಿಳಿದವನು ಈ 'ಹುಡುಗ'. ಕೋಲು ಹಿಡಿದ ಸಾಹೇಬ ಅವನ ಶಿಷ್ಯ. ಆದರೆ ದಾಖಲೆ ಪುಸ್ತಕದಲ್ಲಿ ಮೀನು ಹಿಡಿದವನು ಅಂತ ಶಿಷ್ಯನ ಹೆಸರು.

ಈ ಬರಹಗಳಲ್ಲಿ ತಪ್ಪದೆ ಬರುವ ಇನ್ನೊಂದು ಕತೆ ಇದೆ. ಮೊದಲು ಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಕಳ್ಳನೊಬ್ಬ, ಕ್ಯಾಂಪಿಗೆ ಸೇರಿ ಒಳ್ಳೆಯವನಾಗಿ, ಈಗ ಅದೇ ಮೀನನ್ನು ಕಾಯುತ್ತಾನೆ ಅನ್ನುವ ಕತೆ. ಓದಿದರೆ ಹಿತವಾಗಿರುತ್ತೆ. ಇದು ನಮಗೆ ಹಳೆಯ ಕತೆ. ಬೇಡ ವಾಲ್ಮೀಕಿಯಾದ, ಕೊಲೆಗಡುಕ ಅಂಗುಲಿಮಾಲ ಭಿಕ್ಷುವಾದ. ಕೆಳಗಿನವನು ಮೊದಲು ಪಾಪಿಯಾಗಿರಲೇಬೇಕು, ಮೇಲಿನವರು ಮುಟ್ಟಿದ ಮೇಲೆ ಪುಣ್ಯವಂತನಾಗಬೇಕು. ಅವನು ಮೊದಲೂ ದುಡಿಯುತ್ತಿದ್ದ, ಈಗಲೂ ದುಡಿಯುತ್ತಿದ್ದಾನೆ ಅಂತ ಸರಳವಾಗಿ ಯಾಕೆ ಬರೆಯೋದಿಲ್ಲ? ಹಾಗೆ ಬರೆದರೆ ಉದ್ಧಾರ ಮಾಡಿದವರಿಗೆ ಕೆಲಸ ಇರೋದಿಲ್ಲ.

ಒಂದು ನಿಜವನ್ನೂ ಹೇಳಬೇಕು. ಕ್ಯಾಂಪಿನ ಸಂಬಳ ಕೆಲವು ಮನೆಗಳ ಒಲೆ ಉರಿಸಿತು. 1987ರಲ್ಲಿ ಕಾವೇರಿ ವನ್ಯಧಾಮ ಆಯಿತು. ವನ್ಯಜೀವಿ ಕಾಯಿದೆ ಪ್ರಕಾರ ಗಾಳ ಹಾಕೋದೂ ಬೇಟೆಯೇ ಅಂತ ವ್ಯಾಖ್ಯಾನ ಬಂದು 2012ರಲ್ಲಿ ಆ ಭಾಗದ ಆಟ ನಿಂತಿತು. ಗಾಳಗಾರರು ಬೇರೆ ದೇಶದ ಬೇರೆ ಹೊಳೆಗೆ ಹೋದರು. ಅವರಿಗೆ ಹೊಳೆಗಳ ಬರ ಇಲ್ಲ. ಕೆಲಸ ಹೋದದ್ದು ಹರಿಗೋಲಿನವನಿಗೆ. ಆಟ ಶುರು ಮಾಡುವಾಗ ಅವನನ್ನು ಕೇಳಲಿಲ್ಲ, ನಿಲ್ಲಿಸುವಾಗಲೂ ಕೇಳಲಿಲ್ಲ. ಅವನ ಬಲೆ ಮೊದಲೇ ಹೋಗಿತ್ತು, ಈಗ ಸಂಬಳವೂ ಹೋಯಿತು.

4

ಸಾಹೇಬರಿಗಿಂತ ಮುಂಚೆ ನಮ್ಮಲ್ಲಿ ಮೀನು ಕಾಯುತ್ತಿದ್ದವರು ಇರಲಿಲ್ಲವೇ ಅಂತ ಕೇಳಬಹುದು. ಇದ್ದರು. ದೇವರಿದ್ದ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿವೆ. ಯಾತ್ರೆಗೆ ಬಂದವರು ಮಂಡಕ್ಕಿ ಎರಚುತ್ತಾರೆ. ಮೀನು ಕೈಯಿಂದಲೇ ಕಿತ್ತು ತಿನ್ನುತ್ತೆ. ಹಿಡಿದರೆ ಪಾಪ. 1996ರಲ್ಲಿ ಶಿಶಿಲದಲ್ಲಿ ಯಾರೋ ವಿಷ ಹಾಕಿ ಮೀನುಗಳನ್ನು ರಾಶಿ ರಾಶಿ ಕೊಂದರು. ಅದು ನೀಚ ಕೆಲಸ. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಬೇಡ ಅಂತಲ್ಲ. ನೀಲನಂಥ ಹುಡುಗರಿಗೆ ಯಾವ ಹೊಳೆಯ ದಂಡೆಯಲ್ಲಿ ಸ್ಮಾರಕ ಇದೆ ಅಂತ ಕೇಳುವುದು ನಮ್ಮ ಕೆಲಸ.

ದೇವರ ಮಡುವಿನಿಂದ ಮೀನು ಉಳಿದದ್ದು ನಿಜ. ಇವತ್ತು ಮೀನಿನ ವಿಜ್ಞಾನಿಗಳೂ ಅದನ್ನು ಒಪ್ಪುತ್ತಾರೆ. ಆದರೆ ಇದರಲ್ಲಿ ಒಂದು ಸಾಮಾನ್ಯ ಸೂತ್ರ ನೋಡಿ. ಪುರೋಹಿತ ಕಾಯುತ್ತಾನೆ, ಸಾಹೇಬ ಕಾಯುತ್ತಾನೆ, ಫಾರೆಸ್ಟಿನವನು ಕಾಯುತ್ತಾನೆ. ಮೂವರಿಗೂ ಒಬ್ಬನೇ ಶತ್ರು. ಮೀನು ತಿನ್ನುವವನು. ಒಬ್ಬನಿಗೆ ಅವನು ಪಾಪಿ, ಇನ್ನೊಬ್ಬನಿಗೆ ಪೋಚರ್, ಮತ್ತೊಬ್ಬನಿಗೆ ಆರೋಪಿ. ಮೀನಿನ ವಾಸನೆ ಅಂದರೆ ಮೂಗು ಮುಚ್ಚುವ ಜಾತಿಗಳ ಕೈಯಲ್ಲಿ ಮೀನಿನ ರಕ್ಷಣೆ ಸೇರಿಕೊಂಡರೆ, ರಕ್ಷಣೆ ಅನ್ನುವುದು ಇನ್ನೊಂದು ಬಗೆಯ ಮಡಿ ಆಗುತ್ತೆ.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದರು. ಆ ಕೆರೆಯ ನೀರನ್ನು ದನ ಮುಟ್ಟಬಹುದಿತ್ತು, ನಾಯಿ ಮುಟ್ಟಬಹುದಿತ್ತು, ಒಳಗಿನ ಮೀನಂತೂ ಹುಟ್ಟಿನಿಂದ ಅದರಲ್ಲೇ ಇತ್ತು. ಮನುಷ್ಯ ಮಾತ್ರ ಮುಟ್ಟಬಾರದಾಗಿತ್ತು. ನೀರು ಮುಟ್ಟುವ ಹಕ್ಕಿಗಾಗಿ ಅಷ್ಟು ದೊಡ್ಡ ಹೋರಾಟ ನಡೆದ ಮೇಲೆ ನೀರಿನೊಳಗಿನ ಅನ್ನದ ಹಕ್ಕನ್ನು ಕೇಳುವುದು ಮುಂದಿನ ಹೆಜ್ಜೆ. ನಮ್ಮ ಊರಿನ ಕೆರೆಯ ಮೀನು ಇವತ್ತು ಹರಾಜಿಗೆ, ಟೆಂಡರಿಗೆ ಹೋಗುತ್ತೆ. ದುಡ್ಡಿದ್ದವನು ಕೂಗುತ್ತಾನೆ, ಹೊರಗಿನಿಂದ ಲಾರಿ ಬರುತ್ತೆ. ಕೆರೆ ಏರಿಯ ಮೇಲೆ ಕೂತು ಗಾಳ ಹಾಕಿದ ಕೇರಿಯ ಹುಡುಗನನ್ನು ಓಡಿಸುತ್ತಾರೆ. ಇದನ್ನು ನೋಡದ ಹಳ್ಳಿ ಮೇಷ್ಟ್ರು ಇಲ್ಲ.

5

ಈಗ ವಿಜ್ಞಾನದ ಮಾತು. ಇದರಲ್ಲಿ ಗಾಳಗಾರರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ಗಾಳಿಬೋರೆಯ ಕ್ಯಾಂಪಿನಲ್ಲಿ 1998ರಿಂದ 2012ರ ತನಕ ಹಿಡಿದ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. 6000ಕ್ಕೂ ಹೆಚ್ಚು ಮಹಸೀರ್‌ಗಳ ಲೆಕ್ಕ. ಅದನ್ನು ಸಂಶೋಧಕರು ತೆಗೆದು ನೋಡಿ 2015ರಲ್ಲಿ ಪ್ರಕಟಿಸಿದರು. ಕಂಡದ್ದು ಇದು: ಹೊಳೆಯಲ್ಲಿ ಮಹಸೀರ್ ಹೆಚ್ಚಾಗಿತ್ತು, ಆದರೆ ಅದು ಡುಬ್ಬದ ಮಹಸೀರ್ ಅಲ್ಲ. ನೀಲಿ ರೆಕ್ಕೆಯ ಇನ್ನೊಂದು ಜಾತಿ. ಕಾವೇರಿಯ ಸ್ವಂತದ ಡುಬ್ಬದ ಮೀನು ಬೇಗ ಬೇಗ ಕಮ್ಮಿಯಾಗುತ್ತಿತ್ತು.

ಆ ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನು ಮರಿ ಕೇಂದ್ರವಿದೆ. ಅಲ್ಲಿ ಬೆಳೆಸಿದ ಮರಿಗಳನ್ನು 1970ರ ದಶಕದಿಂದ ಮಹಸೀರ್ ಉಳಿಸುವ ಹೆಸರಿನಲ್ಲಿ ದೇಶದ ಹೊಳೆಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಉಳಿಸಲು ಬಿಟ್ಟ ಮೀನು ಮೂಲದ ಮೀನಿನ ಜಾಗ ತೆಗೆದುಕೊಂಡಿತು ಅನ್ನೋದು ಸಂಶೋಧಕರ ಅನುಮಾನ. ಇದರ ಜತೆಗೆ ಅಣೆಕಟ್ಟುಗಳು. 1930ರ ದಶಕದ ಹೊತ್ತಿಗೆ ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು. 1974ರಲ್ಲಿ ಕಬಿನಿ. ಮೊಟ್ಟೆ ಇಡಲು ಮೇಲಕ್ಕೆ ಹತ್ತುವ ಮೀನಿಗೆ ಗೋಡೆ ಅಡ್ಡ ಬಂತು. ಮರಳು ತೆಗೆದರು, ಊರುಗಳ ಕೊಳೆ ಬಿಟ್ಟರು. ಇಷ್ಟೂ ಆದ ಮೇಲೆ ಕೇಸು ಬೀಳೋದು ಯಾರ ಮೇಲೆ? ಬಲೆಯವನ ಮೇಲೆ. ಅಣೆಕಟ್ಟಿನ ಮೇಲೆ ಪೋಚಿಂಗ್ ಕೇಸು ಹಾಕಿದವರನ್ನು ಯಾರೂ ಕಂಡಿಲ್ಲ.

ಇನ್ನೊಂದು ಸೋಜಿಗ. ನೂರೈವತ್ತು ವರ್ಷ ಸಾಹೇಬರು ಹಿಡಿದು, ತೂಗಿ, ಹುಲ್ಲು ತುಂಬಿ, ಪುಸ್ತಕ ಬರೆದ ಈ ಡುಬ್ಬದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. 2011ರಲ್ಲಿ ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ, ರೇಮಾ ದೇವಿ ಅನ್ನುವ ನಮ್ಮ ದೇಶದ ಮೀನು ವಿಜ್ಞಾನಿಯ ಗೌರವಕ್ಕೆ, 'ಟಾರ್ ರೇಮಾದೇವಿಯೈ' ಅಂತ ಹೆಸರಿಟ್ಟಿದ್ದರು. ಕಾವೇರಿಯ ಡುಬ್ಬದ ಮೀನೂ ಅದೇ ಅಂತ 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದನ್ನು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿ ಅಂತ ಜಾಗತಿಕ ಕೆಂಪು ಪಟ್ಟಿಗೆ ಸೇರಿಸಿದರು. ಗುರುತು ಸಿಗುವ ಹೊತ್ತಿಗೆ ಆಸಾಮಿಯೇ ಇಲ್ಲವಾಗುವ ಹಂತಕ್ಕೆ ಬಂದಿದ್ದ.

ಸಾಹೇಬರ ಬಿಡುವಿನ ಆಟದ ಲೆಕ್ಕ ವಿಜ್ಞಾನಕ್ಕೆ ದಾಖಲೆ ಆಯಿತು, ಒಳ್ಳೆಯದೇ. ತಲೆತಲಾಂತರದಿಂದ ಅದೇ ನೀರಿನಲ್ಲಿ ಇಳಿದ ಬೆಸ್ತರ, ಅಂಬಿಗರ, ಸೋಲಿಗರ ತಿಳುವಳಿಕೆ ಯಾಕೆ ದಾಖಲೆ ಆಗಲಿಲ್ಲ? ಅವರ ಹತ್ತಿರ ನೋಟ್‌ಬುಕ್ ಇರಲಿಲ್ಲ. ಅಕ್ಷರ ಕೊಡಲಿಲ್ಲ, ಆಮೇಲೆ ಬರೆದಿಟ್ಟಿಲ್ಲ ಅಂದರು.

6

ಕನ್ನಡ ಸಾಹಿತ್ಯ ಇಲ್ಲೇನು ಮಾಡಿದೆ? ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯ ಹರಿಗೋಲಿನ ಕಸುಬನ್ನೇ ಮುಂದಿಟ್ಟುಕೊಂಡು ದೊಡ್ಡವರನ್ನು ಮುಖಕ್ಕೆ ಹೊಡೆದ ಹಾಗೆ ಪ್ರಶ್ನಿಸಿದ. ಆದರೆ ಆಮೇಲೆ ನಮ್ಮ ಹೊಳೆಗಳು ಬಹುಮಟ್ಟಿಗೆ ದಡದಿಂದ ಕಂಡ ಹೊಳೆಗಳು. ನವೋದಯದವರಿಗೆ ಹೊಳೆ ಸೌಂದರ್ಯ, ಪುಣ್ಯ, ತಾಯಿ. ನವ್ಯದವರಿಗೆ ಅದೊಂದು ಪ್ರತಿಮೆ. ಅದರೊಳಗೆ ಎದೆಮಟ್ಟ ನಿಂತು ಬಲೆ ಎಳೆಯುವವನ ಬೆನ್ನು ಮಾತ್ರ ದೂರದಲ್ಲಿ ಕಾಣುತ್ತೆ.

ಪೂರ್ಣಚಂದ್ರ ತೇಜಸ್ವಿ ಇದಕ್ಕೆ ಅಪವಾದ. ಅವರಿಗೆ ಗಾಳದ ಹುಚ್ಚಿತ್ತು. ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದವರು ಅವರೇ. ಹಾಗಿದ್ದೂ 'ಪರಿಸರದ ಕತೆ' ಸಾಹೇಬರ ಶಿಕಾರಿ ಪುಸ್ತಕದ ನಕಲಾಗಲಿಲ್ಲ. ಅಲ್ಲಿನ ಮಾರ 'ಹುಡುಗ' ಅಲ್ಲ. ಅವನಿಗೆ ಬಾಯಿದೆ, ಗತ್ತಿದೆ, ಸುಳ್ಳು ಹೇಳುವ ಸ್ವಾತಂತ್ರ್ಯವಿದೆ. ಕತೆ ಹೇಳುವವನೇ ಅವನ ಮುಂದೆ ಪೆದ್ದನಾಗುತ್ತಾನೆ. ಯಜಮಾನ ನಗೆಪಾಟಲಾಗಲು ಒಪ್ಪುವ ಶಿಕಾರಿ ಸಾಹಿತ್ಯ ಇಂಗ್ಲಿಷಿನಲ್ಲಿ ಅಪರೂಪ. ಇದು ತೇಜಸ್ವಿಯವರ ದೊಡ್ಡತನ.

ಆದರೂ ಒಂದು ಗೆರೆ ಉಳಿಯುತ್ತೆ. ಆ ಹೊಳೆಯ ದಂಡೆಯಲ್ಲಿ ಇಬ್ಬರೂ ಕೂತಿದ್ದಾರೆ. ಮೀನು ಸಿಗದಿದ್ದರೆ ಒಬ್ಬನಿಗೆ ಅದು ತಮಾಷೆಯ ಅನುಭವ, ಒಂದು ಕತೆ. ಇನ್ನೊಬ್ಬನಿಗೆ ಸಾರಿಲ್ಲದ ರಾತ್ರಿ. ಈ ಎರಡನೆಯ ರಾತ್ರಿಯ ಕತೆ ಬರೆಯಬೇಕಾದವರು ತೇಜಸ್ವಿಯಲ್ಲ. ಆ ರಾತ್ರಿಯನ್ನು ಕಳೆದವರು ಬರೆಯಬೇಕು. ಮೊದಲ ಮಳೆಗೆ ಗದ್ದೆಗೆ ಹತ್ತಿದ ಮೀನನ್ನು ಕೂಳಿ ಇಟ್ಟು ಹಿಡಿದವರ ಮಕ್ಕಳು, ಹಳ್ಳದ ಕಲ್ಲು ಎತ್ತಿ ಏಡಿ ಹಿಡಿದು ಬೆಳೆದ ಮಕ್ಕಳು ಇವತ್ತು ಹಾಸ್ಟೆಲುಗಳಲ್ಲಿ ಓದುತ್ತಿದ್ದಾರೆ. ಕೆಲವರು ಮೇಷ್ಟ್ರಾಗಿದ್ದಾರೆ. ಗೆಂಡೆ, ಕೊರವ, ಬಾಳೆಮೀನು, ಹಾವುಮೀನು ಇವುಗಳ ಗುಣ ಅವರಿಗೆ ಗೊತ್ತು. ಹಾಸ್ಟೆಲಿನಲ್ಲಿ ಏಡಿ ತಿನ್ನುತ್ತೇವೆ ಅಂತ ಹೇಳಿಕೊಳ್ಳಲು ನಾಚಿಕೆ ಕಲಿಸಿದ್ದಾರೆ. ಆ ನಾಚಿಕೆ ಬಿಟ್ಟ ದಿನ ಕನ್ನಡಕ್ಕೆ ಒಂದು ಹೊಸ ಹೊಳೆ ಬರುತ್ತೆ.

7

ಇದು ಬರೇ ಸಾಹಿತ್ಯದ ಮಾತಾಗಿ ನಿಲ್ಲಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ 3ನೆಯ ಕಲಮು, 1ನೆಯ ಉಪಕಲಮಿನ (ಡಿ) ಭಾಗ ನೋಡಿ. ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳ ಮೇಲೆ ಕಾಡಿನ ಜನರಿಗೆ ಸಮುದಾಯದ ಹಕ್ಕು ಇದೆ ಅಂತ ಅಲ್ಲಿ ಬರೆದಿದೆ. ವನ್ಯಧಾಮದೊಳಗೂ ಈ ಹಕ್ಕು ಸಲ್ಲುತ್ತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೋರಾಡಿ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದರು. ಅಂದರೆ 1927ರ ಕಲಮು ಕಿತ್ತುಕೊಂಡದ್ದನ್ನು ವಾಪಸು ಕೇಳುವ ದಾರಿ ಇದೆ.

ಆದರೆ ಬುಡಕಟ್ಟಿನವರಲ್ಲದ ಹೊಳೆದಂಡೆಯ ಜನರಿಗೆ ಒಂದು ತೊಡಕು. 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಅಕ್ಷರವಿಲ್ಲದವರು ಕಾಗದ ಎಲ್ಲಿಂದ ತರಬೇಕು? ಈ ಕಾಯಿದೆಯ 2008ರ ನಿಯಮಗಳಲ್ಲಿ ಯಾವುದನ್ನೆಲ್ಲ ಪುರಾವೆಯಾಗಿ ಒಪ್ಪಬಹುದು ಅಂತ ಪಟ್ಟಿ ಇದೆ. ಗೆಜೆಟಿಯರು, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿಯಂಥ ಸರ್ಕಾರಿ ದಾಖಲೆಗಳು. ಹಿರಿಯರು ಹೇಳಿ ಬರೆಸಿದ ಹೇಳಿಕೆ.

ಇಲ್ಲಿ ನಮ್ಮ ವಿಮರ್ಶೆಗೆ ಒಂದು ಕೆಲಸ ಸಿಗುತ್ತೆ. ಸಾಹೇಬರ ಕಾಲದ ವರದಿಗಳನ್ನು ಉಲ್ಟಾ ಓದಬೇಕು. ಫ್ರಾನ್ಸಿಸ್ ಡೇ ಅಧಿಕಾರಿಗಳಿಂದ, ತಹಸೀಲ್ದಾರರಿಂದ ಉತ್ತರ ತರಿಸಿ ಯಾವ ಸೀಮೆಯಲ್ಲಿ ಯಾರು, ಎಂಥ ಬಲೆಯಲ್ಲಿ ಮೀನು ಹಿಡಿಯುತ್ತಾರೆ ಅಂತ ಬರೆಸಿದ. ದೂರು ಹೇಳಲು ಬರೆದ. ಥಾಮಸ್ ಕೂಡ ದೂರು ಹೇಳಲೆಂದೇ ಇಲ್ಲಿನವರ ಬಲೆ, ತಡಿಕೆ, ಎಲ್ಲವನ್ನೂ ವಿವರಿಸಿದ. ಈ ದೂರುಗಳೇ ಇವತ್ತು ನಮ್ಮ ಸಾಕ್ಷಿ. 1873ರಲ್ಲಿ ಇವರು ಇಲ್ಲಿ ಬಲೆ ಹಾಕುತ್ತಿದ್ದರು ಅಂತ ದೊರೆಯೇ ಬರೆದುಕೊಟ್ಟಿದ್ದಾನೆ. 'ಕಳ್ಳರ' ಪಟ್ಟಿ ಅಂತ ಬರೆದದ್ದು ಹಕ್ಕುದಾರರ ಪಟ್ಟಿಯಾಗಬಹುದು.

ಅದಕ್ಕೆ ಹಳ್ಳಿ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಹೇಳುವುದು ಇಷ್ಟು. ಹೊಳೆ, ಹಳ್ಳ, ಕಾಡಿನ ಕೆರೆ ಇರುವ ಊರಿನಲ್ಲಿ ನೀವಿದ್ದರೆ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಕೂತುಕೊಳ್ಳಿ. ಯಾವ ಮಡುವಿಗೆ ಏನು ಹೆಸರು, ಯಾವ ತಿಂಗಳು ಯಾವ ಮೀನು, ಯಾವ ಬಲೆ, ಯಾರು ಹಿಡಿಯುತ್ತಿದ್ದರು, ಯಾರು ಯಾವಾಗ ತಡೆದರು, ಎಷ್ಟು ದಂಡ ಹಾಕಿದರು, ಎಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಬ್ಬೆಟ್ಟು ಒತ್ತಿಸಿ, ತಾರೀಖು ಹಾಕಿ. ಒಂದು ಪ್ರತಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡಿ. ಸಮುದಾಯ ಹಕ್ಕಿನ ಅರ್ಜಿಗೆ ನಮೂನೆ 'ಬಿ' ಇದೆ, ಅದರ ಜತೆ ಲಗತ್ತಿಸಿ. ಸಮಿತಿಯೇ ಇಲ್ಲದಿದ್ದರೆ ಯಾಕಿಲ್ಲ ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಇನ್ನೊಂದು ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. 'ದಿ ರಾಡ್ ಇನ್ ಇಂಡಿಯಾ'ಕ್ಕೆ ಉತ್ತರ ಬರೆಯುವವರಿಗೆ ಅದು ಬೇಕಾಗುತ್ತೆ.